ವಿದ್ಯುತ್ತಿಗೆ ಹಗೇವು ಉಂಟೇ?



ನಮ್ಮ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹಳೆಯ ಮನೆತನಗಳು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ಹಿರಿಯರು ಬಲ್ಲರು. ನೆಲದೊಳಗಿನ ಆ ಕಣಜದ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ಸುಗ್ಗಿಯ ಕಾಳು ಬರಗಾಲದ ವರ್ಷಕ್ಕೂ ಒದಗುತ್ತಿತ್ತು. ಕಳೆದ ತಿಂಗಳು ಹುಮನಾಬಾದ್ ಕಡೆಯ ರೈತ ಬಂಧುಗಳೊಬ್ಬರು ಕೇಳಿದರು: “ಹಗಲೆಲ್ಲಾ ಬಿಸಿಲು ಸುರೀತದ. ಅದರ ಕರೆಂಟ್ ಹಗೇವಿನಾಗ ಹಾಕಿಟ್ಟು ರಾತ್ರಿ ತೆಗಿಲಾಕ ಬರಲ್ಲೇನ್ರಿ?” ಕಬ್ಬಿಗೆ ನೀರು ಹಾಯಿಸಲು ರಾತ್ರಿ ಪಾಳಿಗೆ ಹೋಗಿ, ಹಾವು ಚೇಳುಗಳ ಭಯದಲ್ಲಿ ಬೆಳಗು ಮಾಡಿದವರ ಪ್ರಶ್ನೆ ಇದು. ಹಗುರವಾಗಿ ಕಾಣತಕ್ಕದ್ದಲ್ಲ.

ತಂತಿಯಲ್ಲಿ ಹರಿಯುವ ವಿದ್ಯುತ್ತು ಕಾಳಿನಂತೆ ರಾಶಿ ಬೀಳುವುದಿಲ್ಲ. ಬಳಸುವ ಕ್ಷಣದಲ್ಲೇ ಅದು ಉತ್ಪನ್ನವಾಗಬೇಕು. ಕೂಡಿಡಬೇಕೆಂದರೆ ಬ್ಯಾಟರಿಯ ರಸಾಯನವಾಗಿಯೋ ಎತ್ತರದಲ್ಲಿ ನಿಂತ ನೀರಾಗಿಯೋ ಅದನ್ನು ಪರಿವರ್ತಿಸಬೇಕು. ಹಾಗೆ ಮಾರ್ಪಡಿಸಿ ಮರಳಿ ಪಡೆಯುವಾಗ ಒಂದು ಪಾಲು ನಷ್ಟವಾಗಿಯೇ ತೀರುತ್ತದೆ. ನಮ್ಮ ನಾಡಿಗೆ ಈ ಸಮಸ್ಯೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆದರೆ ಬೇಸಗೆಯಲ್ಲಿ ಕಾವೇರಿ ಬಡವಾದರೆ ಗಣಿಗಳಿಗೂ ಬಡತನ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದಕ್ಕೆ ನೀರಾವರಿಯ ಜೊತೆಗೆ ಇದೂ ಒಂದು ಕಾರಣ. ಅಂದು ಕೂಡಿಟ್ಟದ್ದು ನೀರನ್ನು.

ಇನ್ನು ಮನೆಯ ಲೆಕ್ಕ ನೋಡೋಣ. ಇನ್ವರ್ಟರಿನ ಸಾಮಾನ್ಯ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್ ಸಾಮರ್ಥ್ಯದ್ದು. ಅದರಲ್ಲಿ ಹಿಡಿಯುವುದು 1.8 ಯೂನಿಟ್. ಪೂರ್ತಿ ಬರಿದು ಮಾಡಿದರೆ ಬೇಗ ಕೆಡುವುದರಿಂದ ಸುಮಾರು ಒಂದೂವರೆ ಯೂನಿಟ್ಟಿಗಿಂತ ಹೆಚ್ಚು ತೆಗೆಯಲಾಗದು. ಒಂದು ಪಂಖಾ, ಮೂರು ದೀಪಗಳಿಗೆ ರಾತ್ರಿ ಕಳೆಯಲು ಇಷ್ಟು ಸಾಕು. ಆದರೆ 5 ಅಶ್ವಶಕ್ತಿಯ ಪಂಪ್‌ಸೆಟ್ಟು ಗಂಟೆಗೆ ಸುಮಾರು 4 ಯೂನಿಟ್ ನುಂಗುತ್ತದೆ. ಏಳು ಗಂಟೆ ಓಡಿಸಲು ಅಂಥ 20 ಬ್ಯಾಟರಿಗಳು ಬೇಕು. ಒಂದಕ್ಕೆ 15 ಸಾವಿರ ರೂಪಾಯಿಯೆಂದು ಹಿಡಿದರೂ ಮೂರು ಲಕ್ಷ! ನಾಲ್ಕೈದು ವರ್ಷಕ್ಕೊಮ್ಮೆ ಅವನ್ನು ಬದಲಿಸುವ ಖರ್ಚು ಬೇರೆ. ಯಾವ ಕಬ್ಬು ಈ ಭಾರ ಹೊತ್ತೀತು?

ಸರ್ಕಾರದ ಮಟ್ಟದಲ್ಲಿಯೂ ಕಥೆ ಇದೇ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಸೂರ್ಯ ಮುಳುಗಿದ ಮೇಲೆ ಅದು ಸೊನ್ನೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ, ಸಂಜೆ ಇಳಿಸಿ, 2,000 ಮೆಗಾವ್ಯಾಟ್ ಪಡೆಯಲು ಕರ್ನಾಟಕ ವಿದ್ಯುತ್ ನಿಗಮ ಯೋಜಿಸಿದೆ. ಇಂಥ ಏರ್ಪಾಡಿನಲ್ಲಿ ನೂರು ಯೂನಿಟ್ ಕೊಟ್ಟರೆ ಮರಳುವುದು 75ರಿಂದ 80. ಅದೂ ಕೆಲವು ಗಂಟೆಗಳ ಮಾತು. ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿಯ ಜನರ ಆಕ್ಷೇಪಣೆಯನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಲಿಥಿಯಂ ಬ್ಯಾಟರಿಗಳ ಬೆಲೆ ಬಹಳ ಇಳಿದಿರುವುದು ನಿಜವೇ. ಆದರೂ ಗ್ರಿಡ್ಡಿಗೆ ಜೋಡಿಸುವ ಅಂಥವು ಸಾಮಾನ್ಯವಾಗಿ ಎರಡು-ನಾಲ್ಕು ಗಂಟೆಯವು. ಆಷಾಢದ ಗಾಳಿಯಿಂದ ಬಂದ ವಿದ್ಯುತ್ತನ್ನು ಫಾಲ್ಗುಣದ ಸೆಕೆಗೆ ಸಾಗಿಸುವ ಹಗೇವು ಬ್ಯಾಟರಿಯಿಂದ ಆಗತಕ್ಕದ್ದಲ್ಲ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದಿದ್ದಾಗ ರಾಜ್ಯವೆಲ್ಲ ವಿದ್ಯುತ್ತಿಗೆ ಪರದಾಡಿತು.

ಸಂಗ್ರಹವನ್ನೇ ಒಲ್ಲದ ಶರಣರ ನೆಲದಲ್ಲಿ ಹಗೇವಿನ ಮಾತೇಕೆಂದು ಕೆಲವರು ಕೇಳಬಹುದು. ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸಿ ಬರಹೇಳಿದ ಆಯ್ದಕ್ಕಿ ಲಕ್ಕಮ್ಮ ತಾಯಿಯವರ ಅಳತೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ರಾತ್ರಿಗೆ ನಿಜವಾಗಿ ಬೇಕಾದದ್ದೆಷ್ಟು? ಮಕ್ಕಳ ಓದಿಗೆ ದೀಪ, ಮುದುಕರಿಗೆ ಪಂಖಾ, ಆಸ್ಪತ್ರೆಯ ಯಂತ್ರಗಳು. ದುಬಾರಿ ಸಂಗ್ರಹವನ್ನು ಇವಕ್ಕೆ ಮೀಸಲಿಡೋಣ. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಗಳ ಕಾಯಕ ಬಿಸಿಲಿನಲ್ಲಿಯೇ ನಡೆಯಲಿ. ಕೃಷಿ ಫೀಡರುಗಳಿಗೆ ಸೌರಘಟಕ ಜೋಡಿಸಿ ಹಗಲು ಹೊತ್ತಿನಲ್ಲೇ ವಿದ್ಯುತ್ತು ಕೊಡಲು ಕೇಂದ್ರದ ಕುಸುಮ್ ಯೋಜನೆಯಲ್ಲಿ ಅವಕಾಶವಿದೆ. ನಮ್ಮ ಭಾಗದ ಜೆಸ್ಕಾಂ ಕಚೇರಿಯಲ್ಲಿ ಊರವರು ಒಟ್ಟಾಗಿ ವಿಚಾರಿಸತಕ್ಕ ವಿಷಯವಿದು.

ಚಾವಣಿಗೆ ಸೌರಫಲಕ ಹಾಕಿಸುವ ಮನೆಯವರಿಗೆ ಒಂದು ಎಚ್ಚರಿಕೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಫಲಕ, ಊರಿನ ಕರೆಂಟು ಹೋದೊಡನೆ ಹಗಲಿನಲ್ಲಿಯೂ ನಿಂತುಬಿಡುತ್ತದೆ. ಇದು ದೋಷವಲ್ಲ, ಕಂಬ ಹತ್ತಿದ ಲೈನ್‌ಮನ್ನನ ಜೀವ ಉಳಿಸುವ ಏರ್ಪಾಡು.

ಆ ರೈತ ಬಂಧುಗಳಿಗೆ ನಾವು ಹೇಳಿದ್ದು ಇಷ್ಟು: ಕರೆಂಟು ಬಿಡಿ, ನೀರನ್ನು ಕೂಡಿಡಿ. ಹಗಲಿನ ವಿದ್ಯುತ್ತಿನಿಂದ ಕೃಷಿಹೊಂಡ ತುಂಬಿಸಿಕೊಂಡರೆ, ಹೊಂಡ ಎತ್ತರದಲ್ಲಿದ್ದರೆ, ಬೇಕಾದಾಗ ಮೋಟಾರಿಲ್ಲದೆ ನೀರು ಹರಿದೀತು. ಅವರ ಹೊಲದ ಮೂಡಣ ಬದು ಎತ್ತರವಿದೆಯಂತೆ. ಅಳೆದು ನೋಡುವುದಾಗಿ ಹೇಳಿ ಹೋಗಿದ್ದಾರೆ.