ಕೋಟೆಯ ಕೆಳಗಿನ ಮನೆ

ಪರದೇಶದಲ್ಲಿ ತಂಗುವ ಸ್ಥಳಗಳು ಎರಡು ಬಗೆ. ಒಂದರಲ್ಲಿ ನಮಗೆ ಕೋಣೆಯ ಸಂಖ್ಯೆ ದೊರೆಯುತ್ತದೆ. ಇನ್ನೊಂದರಲ್ಲಿ ಮನೆಯವರ ಪರಿಚಯ ದೊರೆಯುತ್ತದೆ. ಮೊದಲನೆಯದು ಲೋಕದ ಎಲ್ಲ ಊರುಗಳಲ್ಲಿಯೂ ಒಂದೇ ತೆರನಾದದ್ದು. ಎರಡನೆಯದು ಆಯಾ ಊರಿಗೇ ಮೀಸಲಾದದ್ದು. ಇಟಲಿಯಲ್ಲಿ ಹಿಂದೆ ಇಂಥ ಮನೆಗಳನ್ನು ‘ಪೆನ್ಸಿಯೋನೆ’ ಎನ್ನುತ್ತಿದ್ದರು. ಈಗ ಬಾಗಿಲ ಮೇಲಿನ ಹಲಗೆಯಲ್ಲಿ ಹೋಟೆಲೆಂದು ಬರೆದಿದ್ದರೂ ಒಳಗಿನ ಪದ್ಧತಿ ಹಳೆಯದೇ. ತಾಯಿ ಲೆಕ್ಕ ಬರೆಯುತ್ತಾಳೆ. ಮಗ ಅತಿಥಿಯ ಪೆಟ್ಟಿಗೆಯನ್ನು ಮಹಡಿಗೆ ಹೊರುತ್ತಾನೆ. ಸೊಸೆ ಬೆಳಗಿನ ಕಾಫಿ ತಂದಿಡುತ್ತಾಳೆ. ಆ ದೇಶಕ್ಕೆ ಹೋಗುವ ವಾಚಕರು ಒಂದೆರಡು ರಾತ್ರಿಗಳನ್ನಾದರೂ ಇಂಥ ಮನೆಯಲ್ಲಿ ಕಳೆಯಬೇಕೆಂಬುದು ನನ್ನ ಬಿನ್ನಹ.

ನಾನು ಕಂಡ ಅಂಥದೊಂದು ಮನೆ ಬೆರ್ಗಮೊ ನಗರದ್ದು. ಮಿಲಾನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆಲ್ಪ್ಸ್ ಪರ್ವತಗಳ ತಪ್ಪಲಿನ ಈ ಊರು ಎರಡು ಅಂತಸ್ತಿನದು: ಬೆಟ್ಟದ ಮೇಲೆ ಹಳೆಯ ಪಟ್ಟಣ, ಬಯಲಿನಲ್ಲಿ ಹೊಸದು. ಎರಡನ್ನೂ ಕೂಡಿಸುವುದಕ್ಕೆ 1887ರಿಂದ ಹಗ್ಗವೆಳೆಯುವ ಪುಟ್ಟ ರೈಲೊಂದಿದೆ. ಮೇಲಿನ ಪಟ್ಟಣದಲ್ಲಿ ಬೀದಿಗಳು ಕಿರಿದು, ಬಾಡಿಗೆ ಹಿರಿದು. ಕೆಳಗೆ, ಕೋಟೆಯ ನೆರಳಿನಲ್ಲಿ, ಮಧ್ಯಮ ವರ್ಗದವರ ಕೈಗೆಟಕುವ ಮನೆಗಳಿವೆ.

ಒಳಗೆ ಕಾಲಿಟ್ಟೊಡನೆ ಯಜಮಾನಿತಿ ಪಾಸ್‌ಪೋರ್ಟ್ ಕೇಳಿದರೆ ಯಾರೂ ನೊಂದುಕೊಳ್ಳಬೇಕಾಗಿಲ್ಲ. ಅತಿಥಿಯ ವಿವರವನ್ನು ಪೊಲೀಸರಿಗೆ ತಿಳಿಸಬೇಕೆಂಬ ನಿಯಮ 1931ರ ಕಾಯಿದೆಯಿಂದ ಬಂದದ್ದು, ಇಂದಿಗೂ ಉಳಿದಿದೆ. ಸಸ್ಯಾಹಾರಿಗಳಿಗೆ ಒಂದು ಮಾತು: ಆ ಊರಿನ ‘ಕಸೊನ್ಚೆಲ್ಲಿ’ ಎಂಬ ಕಡುಬು ನೋಡುವುದಕ್ಕೆ ಸಾಧುವಾಗಿದ್ದರೂ ಅದರ ಹೂರಣ ಮಾಂಸದ್ದು. ‘ಪೊಲೆಂತ’ವನ್ನು ಕೇಳಿ ಪಡೆಯುವುದು ಲೇಸು. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಗಂಟಾಗದಂತೆ ಬಹಳ ಹೊತ್ತು ತಿರುವಿ ಮಾಡುವ ಈ ಮುದ್ದೆ ನಮ್ಮ ರಾಗಿಮುದ್ದೆಗೆ ದೂರದ ದಾಯಾದಿ. ಅದನ್ನು ತಿರುವುವ ಕೈಯ ಗಾಂಭೀರ್ಯವನ್ನು ಕಂಡರೆ ಹಳೇ ಮೈಸೂರಿನ ಯಾವ ಅಜ್ಜಿಯಾದರೂ ತಲೆದೂಗಿಯಾಳು.

ರಾತ್ರಿ ಹತ್ತು ಗಂಟೆಗೆ ಮೇಲಿನ ಪಟ್ಟಣದ ಗೋಪುರದಿಂದ ಘಂಟಾನಾದ ಕೇಳಿಸುತ್ತದೆ. ಹತ್ತು ಬಾರಿಯಲ್ಲ, ನೂರು ಬಾರಿ. ವೆನಿಸ್ ಗಣರಾಜ್ಯದ ಆಳ್ವಿಕೆಯಲ್ಲಿ ಕೋಟೆಯ ಬಾಗಿಲು ಮುಚ್ಚುವ ಹೊತ್ತಾಯಿತೆಂದು ಸಾರುತ್ತಿದ್ದ ಗಂಟೆ ಅದು. ಬಾಗಿಲು ಮುಚ್ಚುವುದು ಎಂದೋ ನಿಂತಿತು, ಗಂಟೆ ನಿಲ್ಲಲಿಲ್ಲ. ಆ ಕೋಟೆಯ ಕಥೆಯೂ ವಿಚಿತ್ರವಾದದ್ದು. 1561ರಲ್ಲಿ ವೆನಿಸಿನವರು ಅದನ್ನು ಕಟ್ಟತೊಡಗಿದರು. ಆರು ಕಿಲೋಮೀಟರಿಗೂ ಮಿಕ್ಕ ಆ ಗೋಡೆಗೆ ಎಡೆಮಾಡಿಕೊಡಲು ನೂರಾರು ಮನೆಗಳನ್ನೂ ಸಂತ ಅಲೆಸ್ಸಾಂಡ್ರೊನ ಪುರಾತನ ದೇವಾಲಯವನ್ನೂ ಕೆಡವಿದರು. ಆದರೆ ಯಾವ ಶತ್ರುವೂ ಬಂದು ಮುತ್ತಿಗೆ ಹಾಕಲಿಲ್ಲ. 2017ರಲ್ಲಿ ಯುನೆಸ್ಕೊ ಆ ಗೋಡೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮುತ್ತಿಗೆ ಬಂದದ್ದು 2020ರ ವಸಂತದಲ್ಲಿ. ಕೊರೊನಾ ರೋಗಕ್ಕೆ ಗೋಡೆಯ ಹಂಗಿರಲಿಲ್ಲ. ಮಾರ್ಚ್ 18ರ ರಾತ್ರಿ ಸೇನೆಯ ಲಾರಿಗಳು ಸಾಲುಗಟ್ಟಿ ಈ ಊರಿನ ಶವಪೆಟ್ಟಿಗೆಗಳನ್ನು ಬೇರೆ ಊರುಗಳಿಗೆ ಸಾಗಿಸಿದವು. ಇಲ್ಲಿಯ ದಹನಾಗಾರಕ್ಕೆ ಅಷ್ಟೊಂದು ಹೆಣಗಳನ್ನು ತಾಳಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ನಾನು ತಂಗಿದ್ದ ಮನೆಯ ಯಜಮಾನಿತಿ ತನ್ನ ಪತಿಯನ್ನು ಕಳೆದುಕೊಂಡದ್ದು ಆ ತಿಂಗಳಿನಲ್ಲೇ. ಅಂತ್ಯಕ್ರಿಯೆಗೆ ಜನ ಸೇರಕೂಡದೆಂಬ ಆಜ್ಞೆ ಆಗ ದೇಶಕ್ಕೆಲ್ಲ ಅನ್ವಯಿಸಿತ್ತು. ‘ಮನೆಯನ್ನು ಮಾರಿಬಿಡಿ ಎಂದು ಬಹಳ ಜನ ಹೇಳಿದರು. ಬಂದವರಿಗೆ ಬಾಗಿಲು ತೆರೆಯುವ ಕೆಲಸವೊಂದನ್ನು ಬಿಟ್ಟರೆ ನನಗೆ ಬೇರೇನು ಬರುತ್ತದೆ?’ ಎಂದು ಆಕೆ ನಿರಾಡಂಬರವಾಗಿ ನುಡಿದಳು. ಗೋಡೆಯ ಗೂಡಿನಲ್ಲಿ ಬೀಗದ ಕೈಗಳ ಸಾಲು. ಅದರ ಪಕ್ಕದಲ್ಲಿ ಆತನ ಕನ್ನಡಕ. ಅದರ ಮೇಲೆ ಧೂಳಿರಲಿಲ್ಲ.

ಆದರೆ ಬಾಗಿಲು ತೆರೆಯುವವರು ಇನ್ನೆಷ್ಟು ದಿನ ಉಳಿದಾರು? ಇಟಲಿಯ ಹಳೆಯ ಪಟ್ಟಣಗಳಲ್ಲಿ ವಾಸದ ಮನೆಗಳು ಪ್ರವಾಸಿಗಳ ಬಾಡಿಗೆ ಕೋಣೆಗಳಾಗಿ ಮಾರ್ಪಡುತ್ತಿವೆ. ಬೀಗದ ಕೈ ಗೋಡೆಗೆ ತೂಗುಹಾಕಿದ ಡಬ್ಬಿಯಲ್ಲಿ, ಯಜಮಾನ ಇನ್ನೆಲ್ಲೋ. ವೆನಿಸಿನ ಹಳೆಯ ನಗರದಲ್ಲಿ 1951ರಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ನಿವಾಸಿಗಳಿದ್ದರು. 2022ರಲ್ಲಿ ಆ ಸಂಖ್ಯೆ ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಫ್ಲಾರೆನ್ಸ್ ನಗರಸಭೆ ತನ್ನ ಹಳೆಯ ಪಟ್ಟಣದಲ್ಲಿ ಹೊಸ ಅಲ್ಪಾವಧಿ ಬಾಡಿಗೆಮನೆಗಳನ್ನು ತಡೆಯಲು ಮುಂದಾಯಿತು. ಬೆರ್ಗಮೊಗೂ ಈ ಭಯ ತಪ್ಪಿದ್ದಲ್ಲ. ಅಗ್ಗದ ವಿಮಾನಗಳು ಇಳಿಯುವ ದೊಡ್ಡ ನಿಲ್ದಾಣವೊಂದು ಅದರ ಮಗ್ಗುಲಲ್ಲೇ ಇದೆ.

ಈ ಬದಲಾವಣೆಯಲ್ಲಿ ಪ್ರವಾಸಿಯ ಪಾಲೂ ಇದೆ ಎಂಬುದನ್ನು ಮರೆಯಲಾಗದು. ಕಟ್ಟಡವನ್ನು ಕಾಯುವುದಕ್ಕೆ ಸರ್ಕಾರಗಳಿವೆ, ಯುನೆಸ್ಕೊ ಇದೆ. ಅದರೊಳಗೆ ದೀಪ ಹಚ್ಚುವವರನ್ನು ಕಾಯುವುದು ಅಷ್ಟು ಸುಲಭವಲ್ಲ. ವೆನಿಸಿನವರು ಗೋಡೆಗಾಗಿ ಮನೆಗಳನ್ನು ಕೆಡವಿದರು. ಇಂದು ಗೋಡೆಯೂ ಮನೆಯೂ ನಿಂತಿವೆ, ಮನೆಯವರು ಹೊರಡುತ್ತಿದ್ದಾರೆ. ಆದುದರಿಂದ ತಂಗುವ ಸ್ಥಳವನ್ನು ಆರಿಸುವಾಗ, ಬಾಗಿಲು ತಟ್ಟಿದರೆ ಒಳಗಿನಿಂದ ಯಾರಾದರೂ ಎದ್ದುಬರುವ ಮನೆಯನ್ನೇ ಆರಿಸಿಕೊಳ್ಳಿರೆಂದು ಹೇಳುತ್ತೇನೆ. ಅಲ್ಲಿ ಹಾಸಿಗೆ ಕೊಂಚ ಗಟ್ಟಿಯಾಗಿರಬಹುದು, ಮೆಟ್ಟಿಲು ಕಡಿದಾಗಿರಬಹುದು. ಆದರೆ ಹೊರಡುವ ಮುಂಜಾನೆ ‘ಮತ್ತೆ ಬನ್ನಿ’ ಎನ್ನುವ ಒಂದು ಬಾಯಿ ಅಲ್ಲಿರುತ್ತದೆ.