ಲೆಕ್ಕದ ಚೆಲುವು

ಗಣಿತವು ಬುದ್ಧಿಯ ವಿಷಯ, ಕಲೆಯು ಹೃದಯದ ವಿಷಯ ಎಂದು ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಯಂತ್ರವಂತೂ ಕಲೆಗೆ ಹೊರಗಿನದೆಂಬುದು ಹಲವರ ಭಾವನೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ?

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಡೇವಿಡ್ ಸ್ಮಿತ್ ಮುದ್ರಣದ ಕೆಲಸದಿಂದ ನಿವೃತ್ತರಾದವರು. ಅವರು ಗಣಿತದ ವಿದ್ವಾಂಸರಲ್ಲ, ಆಕೃತಿಗಳ ಮೋಹವುಳ್ಳವರು. ನೆಲಕ್ಕೆ ಬಿಲ್ಲೆಗಳನ್ನು ಹಾಸಿದಾಗ ಒಂದೇ ವಿನ್ಯಾಸ ಮರಳಿ ಮರಳಿ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಸಂದು ಬಿಡದೆ, ಆದರೆ ಕ್ರಮವಾಗಿ ಮರುಕಳಿಸದೆ, ಎಲ್ಲೆಯಿಲ್ಲದೆ ಹಬ್ಬುವ ಬಿಲ್ಲೆಗಳುಂಟೆ? ಉಂಟೆಂದು ೧೯೬೬ರಲ್ಲಿ ರಾಬರ್ಟ್ ಬರ್ಜರ್ ತೋರಿಸಿಕೊಟ್ಟರು. ಅದಕ್ಕೆ ೨೦,೪೨೬ ಬಗೆಯ ಬಿಲ್ಲೆಗಳು ಬೇಕಾದವು. ಮುಂದಿನ ದಶಕದಲ್ಲಿ ರೋಜರ್ ಪೆನ್‌ರೋಸ್ ಆ ಸಂಖ್ಯೆಯನ್ನು ಎರಡಕ್ಕೆ ಇಳಿಸಿದರು. ಒಂದೇ ಬಗೆಯ ಬಿಲ್ಲೆ ಸಾಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

೨೦೨೨ರಲ್ಲಿ ಸ್ಮಿತ್ ಗಣಕಯಂತ್ರದ ಪರದೆಯ ಮೇಲೆ ಗಾಳಿಪಟದಾಕಾರದ ಎಂಟು ತುಂಡುಗಳನ್ನು ಕೂಡಿಸಿ, ಹದಿಮೂರು ಬಾಹುಗಳ ಆಕೃತಿಯೊಂದನ್ನು ರಚಿಸಿದರು. ಟೋಪಿಯಂತಿದ್ದ ಅದರ ನಡತೆ ವಿಚಿತ್ರವೆನಿಸಿತು. ಆಗ ಗಣಕದ ಆಣತಿಯಂತೆ ಕಾಗದ ಕತ್ತರಿಸುವ ಯಂತ್ರದಿಂದ ರಟ್ಟಿನ ಬಿಲ್ಲೆಗಳನ್ನು ಮಾಡಿಕೊಂಡು, ಕೆಲವನ್ನು ಮಗುಚಿಟ್ಟು, ಕೈಯಾರೆ ಜೋಡಿಸತೊಡಗಿದರು. ಸಂದು ಬೀಳಲಿಲ್ಲ, ವಿನ್ಯಾಸ ಮರುಕಳಿಸುವಂತೆಯೂ ಕಾಣಲಿಲ್ಲ. ಕ್ರೇಗ್ ಕಪ್ಲಾನ್ ಮೊದಲಾದ ಗಣಿತಬಲ್ಲ ಮೂವರೊಡನೆ ಸೇರಿ, ೨೦೨೩ರಲ್ಲಿ ಅವರು ಇದಕ್ಕೆ ಸಾಧನೆಯನ್ನು ಒದಗಿಸಿದರು. ಇಂದು ಆ ಟೋಪಿಯು ಲೇಸರ್ ಕತ್ತರಿ, ತ್ರಿವಿಮ ಮುದ್ರಣಯಂತ್ರಗಳ ಮೂಲಕ ಮರ, ಪ್ಲಾಸ್ಟಿಕ್ಕುಗಳಲ್ಲಿ ಕಲಾಕೃತಿಯಾಗಿ ಅರಳುತ್ತಿದೆ.

ಇಲ್ಲಿ ಕಲಾವಿದರು ಯಾರು? ಯಂತ್ರವು ಸಾವಿರ ಬಿಲ್ಲೆಗಳನ್ನು ಕೂದಲೆಳೆಯೂ ತಪ್ಪದಂತೆ ಕತ್ತರಿಸಬಲ್ಲದು. ಆದರೆ ‘ಇದರಲ್ಲೇನೋ ಇದೆ’ ಎಂದು ಬೆರಗಾಗಲಾರದು. ಬೆರಗಾದವನು ಮನುಷ್ಯ. ಉಳಿಯು ಶಿಲ್ಪಿಯನ್ನು ಮಾಡದು. ಉಳಿಯಿಲ್ಲದೆ ಶಿಲ್ಪವೂ ಇಲ್ಲ. ಆದುದರಿಂದ ಯಂತ್ರವನ್ನು ಹಳಿಯುವುದೂ ತರವಲ್ಲ, ಅದಕ್ಕೆ ಕೈಮುಗಿಯುವುದೂ ತರವಲ್ಲ.

ಈ ಮಾತನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಲೆಕ್ಕದ ತರಗತಿಯನ್ನೂ ನಾನೇ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ, ಲೆಕ್ಕದ ಪುಸ್ತಕದಲ್ಲಿ ಚುಕ್ಕಿಯಿಟ್ಟು ರಂಗೋಲಿ ಬರೆಯುತ್ತಿದ್ದ ಹುಡುಗಿಯೊಬ್ಬಳನ್ನು ಗದರಿಸಿ, ಆ ಹಾಳೆಯನ್ನು ಹರಿದುಹಾಕಿದ್ದೆ. ಚುಕ್ಕಿಗಳ ಎಣಿಕೆ, ಎಡಬಲಗಳ ಸಮತೆ, ಎಳೆ ಹೊರಟಲ್ಲಿಗೇ ಬಂದು ಸೇರುವ ಜಾಣ್ಮೆ ಎಲ್ಲವೂ ಲೆಕ್ಕವೇ ಎಂಬುದು ನನಗೆ ಹೊಳೆಯಲಿಲ್ಲ. ಅವಳು ಮತ್ತೆ ನನ್ನೆದುರು ರಂಗೋಲಿ ಬರೆಯಲಿಲ್ಲ.

ಹೊಸ ಯಂತ್ರಗಳು ಶಾಲೆಗಳಿಗೂ ಬರಲಿ. ಆದರೆ ಅವು ಬಂದರಷ್ಟೇ ಸಾಲದು. ಹಾಳೆಯನ್ನು ಹರಿಯದೆ, ‘ಇದು ಹೇಗೆ ಬಂತು, ಮಗು?’ ಎಂದು ಕೇಳುವ ಗುರುವೂ ಅವುಗಳ ಪಕ್ಕದಲ್ಲಿರಬೇಕು.