ಚಾವಿ ಕೊಟ್ಟರೆ ಮತ್ತೆ ತಿರುಗುವ ಆಟಿಕೆ

ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿಯ ದಿನ, ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ದಿನ ಆಟಿಕೆ ಅಂಗಡಿಗಳ ಮುಂದೆ ಮಕ್ಕಳು ಹಟ ಹಿಡಿದು ನಿಲ್ಲುವುದು ಇಂದಿಗೂ ತಪ್ಪಿಲ್ಲ. ಆದರೆ ಅಲ್ಲಿ ಕೊಂಡ ಆಟಿಕೆ ಮುಂದಿನ ಜಾತ್ರೆಯವರೆಗೆ ಉಳಿಯುವ ಮಾತು ಮಾತ್ರ ತಪ್ಪಿಹೋಗಿದೆ. ಒಂದೆರಡು ತಲೆಮಾರಿನ ಹಿಂದೆ ಮನೆಗೆ ಬಂದ ತಗಡಿನ ಕೋಳಿ, ಡೋಲು ಬಾರಿಸುವ ಕೋತಿ, ಅಂಗೈಯಲ್ಲಿ ಹಿಡಿದು ಆಡುವ ಚಾವಿಯ ಆಟದ ಪೆಟ್ಟಿಗೆ ಮುಂತಾದವು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕೆಲವು ಮನೆಗಳ ಅಟ್ಟದಲ್ಲಿ ಇನ್ನೂ ಕುಳಿತಿರಬಹುದು. ಹಬ್ಬಕ್ಕೆಂದು ಮನೆ ಸ್ವಚ್ಛಗೊಳಿಸುವಾಗ ಅವು ಹಳೆಯ ಡಬ್ಬಿ, ಮುರಿದ ಬಕೆಟ್ಟುಗಳ ಜೊತೆ ಗುಜರಿಯ ತಕ್ಕಡಿಗೆ ಬೀಳುತ್ತವೆ. ತಕ್ಕಡಿಗೆ ತಿಳಿಯುವುದು ತೂಕವೊಂದೇ. ಬಿಚ್ಚಿ, ತೊಳೆದು, ಹನಿ ಎಣ್ಣೆ ಬಿಟ್ಟರೆ ಮತ್ತೆ ಓಡಬಲ್ಲ ಯಂತ್ರವೊಂದು ಅದರೊಳಗಿದೆ ಎಂಬುದನ್ನು ತಕ್ಕಡಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಯಂತ್ರದ ತತ್ವ ಸರಳವಾದುದು. ಚಾವಿ ತಿರುಗಿಸಿದಾಗ ಉಕ್ಕಿನ ಪಟ್ಟಿಯ ಸುರುಳಿ ಬಿಗಿಯಾಗುತ್ತದೆ. ಮಗುವಿನ ಬೆರಳಿನ ಬಲವೇ ಅದರಲ್ಲಿ ಶೇಖರವಾಗುತ್ತದೆ. ಸುರುಳಿ ಬಿಚ್ಚಿಕೊಳ್ಳುತ್ತ ಹೋದಂತೆ ಹಲ್ಲುಚಕ್ರಗಳು ತಿರುಗುತ್ತವೆ. ಎಲ್ಲ ಬಲವೂ ಒಮ್ಮೆಗೇ ಸೋರಿಹೋಗದಂತೆ ಒಂದು ಪುಟ್ಟ ನಿಯಂತ್ರಕ ತಡೆಯುತ್ತದೆ. ಜಪಾನಿನ ಟೋಮಿ ಕಂಪನಿ 1975ರಲ್ಲಿ ಆರಂಭಿಸಿದ ಜೇಬಿನ ಆಟಗಳ ಮಾಲಿಕೆಯಲ್ಲಿ ಇದೇ ತತ್ವವನ್ನು ಅಂಗೈಯಗಲದ ಪೆಟ್ಟಿಗೆಗೆ ಇಳಿಸಲಾಗಿತ್ತು. ಬ್ಯಾಟರಿಯಿಲ್ಲದೆ, ಸ್ಪ್ರಿಂಗು ಮತ್ತು ಸಣ್ಣ ಗುಂಡುಗಳಿಂದಲೇ ಚೆಂಡಾಟ, ಓಟದ ಪಂದ್ಯಗಳು ನಡೆಯುತ್ತಿದ್ದವು. ಬ್ರಿಟನ್ನಿನಲ್ಲಿ ಇವು ‘ಪಾಕೆಟಿಯರ್ಸ್’ ಎಂಬ ಹೆಸರಿನಲ್ಲಿ ಮಾರಾಟವಾದವು. 1980ರಲ್ಲಿ ನಿಂಟೆಂಡೊ ಕಂಪನಿಯ ‘ಗೇಮ್ ಅಂಡ್ ವಾಚ್’ ಬಂದಿತು. ಸ್ಪ್ರಿಂಗಿನ ಸ್ಥಾನವನ್ನು ಬಟನ್ ಸೆಲ್ಲು ಆಕ್ರಮಿಸಿತು; ಮಗುವಿನ ಬೆರಳಿಗೆ ಗುಂಡಿ ಒತ್ತುವ ಕೆಲಸವಷ್ಟೇ ಉಳಿಯಿತು.

ಆ ಬದಲಾವಣೆಯ ಫಲ ಇಂದು ಕಣ್ಣೆದುರಿಗಿದೆ. ಅಗ್ಗದ ಬ್ಯಾಟರಿ ಆಟಿಕೆಗಳು ಕೆಟ್ಟರೆ ಬಿಚ್ಚುವ ದಾರಿಯೇ ಇರುವುದಿಲ್ಲ. ಎಷ್ಟೋ ಆಟಿಕೆಗಳ ಹೊದಿಕೆಗೆ ಸ್ಕ್ರೂ ಕೂಡ ಇಲ್ಲದೆ ಅಂಟು ಹಾಕಿ ಮುಚ್ಚಲಾಗಿರುತ್ತದೆ. ಎಸೆದ ಸೆಲ್ಲು ಕಸದೊಡನೆ ಮಣ್ಣು ಸೇರುತ್ತದೆ. ಮಗು ಅದನ್ನು ನುಂಗಿದರೆ ಅನಾಹುತ ಇನ್ನೂ ಘೋರ: ಅನ್ನನಾಳದಲ್ಲಿ ಸಿಕ್ಕಿಕೊಂಡ ಲಿಥಿಯಂ ಸೆಲ್ಲು ಎರಡೇ ಗಂಟೆಗಳಲ್ಲಿ ತೀವ್ರ ಸುಟ್ಟಗಾಯ ಮಾಡಬಲ್ಲದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತು ಉತ್ಪಾದಿಸಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ಹಾದಿ ಹಿಡಿದುದು ಶೇ. 22.3 ಮಾತ್ರ.

ಈ ಲೆಕ್ಕ ಬಳ್ಳಾರಿ ಸೀಮೆಗೆ ದೂರದ್ದಲ್ಲ. ಸ್ಪ್ರಿಂಗಿನ ಉಕ್ಕಿಗೆ ಬೇಕಾದುದು ಕಬ್ಬಿಣದ ಅದಿರು. ಬಳ್ಳಾರಿ–ಹೊಸಪೇಟೆ ವಲಯದ ಅದಿರು ಜಪಾನಿನ ಉಕ್ಕಿನ ಕಾರ್ಖಾನೆಗಳಿಗೂ ಹೋಗಿದೆ. ಯಾವ ಆಟಿಕೆಯಲ್ಲಿ ಯಾವ ಬೆಟ್ಟದ ಕಬ್ಬಿಣ ಸೇರಿದೆಯೆಂದು ಯಾರೂ ಹೇಳಲಾರರು. ಆದರೆ ಎಸೆದ ಪ್ರತಿಯೊಂದು ಲೋಹದ ತುಣುಕಿನ ಹಿಂದೆ ಎಲ್ಲಿಯೋ ಒಂದು ಬೆಟ್ಟದ ಮೈ ಅಗೆಯಲ್ಪಟ್ಟಿರುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸುವ ಹೊತ್ತಿಗೆ ಸಂಡೂರಿನ ಬೆಟ್ಟಗಳಿಗೆ ಆಗಿದ್ದ ಗಾಯವನ್ನು ಕಂಡ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗೆಯುವುದನ್ನು ವಿರೋಧಿಸುವ ಸಮಾಜ ಎಸೆಯುವುದನ್ನೂ ಪ್ರಶ್ನಿಸಬೇಕು.

ಎಸೆಯದೆ ಉಳಿಸುವ ವಿದ್ಯೆ ಈ ಊರುಗಳಿಗೆ ಹೊಸದಲ್ಲ. ಗಾಜಿನ ಪುಟ್ಟ ಪೆಟ್ಟಿಗೆಯ ಹಿಂದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ಗಡಿಯಾರ ರಿಪೇರಿಯವರೇ ಅದರ ವಾರಸುದಾರರು. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಚಾವಿ ಕೊಡುವ ಕೈಗಡಿಯಾರಗಳನ್ನು ದಶಕಗಳ ಕಾಲ ನಡೆಸಿದ್ದು ಇಂಥವರ ಚಿಮಟ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ಆದರೂ ಆ ಗಡಿಯಾರಗಳನ್ನು ಹುಡುಕಿ ಸಂಗ್ರಹಿಸುವವರು ಇಂದಿಗೂ ಇದ್ದಾರೆ. ಗಡಿಯಾರದ ಸುರುಳಿಗೂ ಆಟಿಕೆಯ ಸುರುಳಿಗೂ ಇರುವ ವ್ಯತ್ಯಾಸ ನಯದ್ದು, ಅಳತೆಯದ್ದು; ತತ್ವ ಒಂದೇ.

‘ಚಾವಿ ಹೆಚ್ಚು ಕೊಟ್ಟು ಕೆಟ್ಟಿತು’ ಎಂದು ಮೂಲೆಗೆ ಸೇರಿದ ಆಟಿಕೆಗಳಲ್ಲಿ ಅನೇಕವು ನಿಜವಾಗಿ ನಿಂತಿರುವುದು ಒಣಗಿದ ಎಣ್ಣೆ ಮತ್ತು ಧೂಳಿನಿಂದ. ಬಳ್ಳಾರಿಯ ಬೇಸಿಗೆಯ ಧೂಳನ್ನು ಬಲ್ಲವರು ಇದನ್ನು ಸುಲಭವಾಗಿ ನಂಬುವರು. ಬಿಚ್ಚುವ ಮೊದಲು ಸುರುಳಿಯ ಬಿಗಿಯನ್ನು ಪೂರ್ತಿ ಇಳಿಸಬೇಕು. ಇಲ್ಲವಾದರೆ ಅದು ಚಿಮ್ಮಿ ಕೈ ಸೀಳಬಹುದು. ತಗಡಿನ ಎರಡು ಹೋಳುಗಳನ್ನು ಹಿಡಿದಿರುವ ಮಡಿಕೆಗಳನ್ನು ಮೆಲ್ಲನೆ ಎತ್ತಬೇಕು. ಪದೇ ಪದೇ ಮಡಿಸಿದರೆ ಮುರಿಯುತ್ತವೆ. ಹಲ್ಲುಚಕ್ರಗಳ ಕೊಳೆಯನ್ನು ಕುಂಚದಿಂದ ತೆಗೆದು, ಗಡಿಯಾರದ ಎಣ್ಣೆಯನ್ನು ಅಚ್ಚುಗಳಿಗೆ ಮಾತ್ರ, ಸೂಜಿಮೊನೆಯಷ್ಟು ಬಿಡಬೇಕು. ಹೆಚ್ಚು ಎಣ್ಣೆ ಹೆಚ್ಚು ಧೂಳನ್ನು ಕರೆಯುತ್ತದೆ.

ಸಂಗ್ರಹದ ಹವ್ಯಾಸಕ್ಕೂ ಎಚ್ಚರ ಬೇಕು. ಅಪರೂಪದ ವಸ್ತುವೆಂದು ದುಬಾರಿ ಬೆಲೆಗೆ ಕೊಂಡು ಕಪಾಟಿನಲ್ಲಿ ಬಂಧಿಸಿಡುವುದು ಕೊಳ್ಳುಬಾಕ ಸಂಸ್ಕೃತಿಯ ಇನ್ನೊಂದು ಮುಖವಾದೀತು. ಟೋಮಿಯ ಪೆಟ್ಟಿಗೆಗಳ ಹೊರಮೈ ಕೂಡ ಪ್ಲಾಸ್ಟಿಕ್ಕೇ. ಹಳೆಯದೆಂಬ ಕಾರಣಕ್ಕೆ ಅದು ಪವಿತ್ರವಾಗದು. ಅದರ ಹಿರಿಮೆ ಇರುವುದು ದೀರ್ಘ ಆಯುಷ್ಯದಲ್ಲಿ. ಹಳೆಯ ತಗಡಿನ ಆಟಿಕೆಗಳ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಆದ್ದರಿಂದ ಅವುಗಳ ಬಣ್ಣವನ್ನು ಉಜ್ಜಬಾರದು. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ಎಳೆಯ ಮಕ್ಕಳ ಕೈಗೆ ಕೊಡಬಾರದು.

ಸರ್ಕಾರದ ಹೊಣೆಯೂ ಕಡಿಮೆಯದಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ವಿದ್ಯುನ್ಮಾನ ಆಟಿಕೆಗಳೂ ಸೇರಿದವು. ಇವು ಸ್ವಾಗತಾರ್ಹ. ಆದರೆ ಮೊದಲನೆಯದು ಹುಟ್ಟನ್ನು, ಎರಡನೆಯದು ಸಾವನ್ನು ನೋಡಿಕೊಳ್ಳುತ್ತದೆ. ನಡುವಿನ ಬದುಕನ್ನು ಕೇಳುವವರಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ ಮೊದಲಿಗೆ ಆಯ್ದುಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ವಿದ್ಯುನ್ಮಾನ ಸಾಧನ, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು. ಆಟಿಕೆಯ ಹೆಸರು ಅಲ್ಲಿರಲಿಲ್ಲ. ಬಿಚ್ಚಲು ಸ್ಕ್ರೂ, ಬದಲಿಸಲು ಬಿಡಿಭಾಗ ಇರಬೇಕೆಂಬ ನಿಯಮ ಆಟಿಕೆಗೂ ಏಕೆ ಬೇಡ?

ನಿಯಮ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ರಿಪೇರಿ ಕೆಫೆಯ ಕಲ್ಪನೆ 2015ರಲ್ಲಿ ಬೆಂಗಳೂರಿಗೆ ಬಂದಿತು. ಕೆಟ್ಟ ವಸ್ತುವನ್ನು ತಂದವರು ಬಲ್ಲವರ ಪಕ್ಕದಲ್ಲಿ ಕುಳಿತು ತಾವೇ ಸರಿಪಡಿಸಲು ಕಲಿಯುವ ಕೂಟವದು. ಸಿರುಗುಪ್ಪದ ಒಂದು ಶಾಲೆ, ಕುರುಗೋಡಿನ ಒಂದು ಗ್ರಂಥಾಲಯ, ಬಳ್ಳಾರಿಯ ಒಂದು ಬಡಾವಣೆ ತಿಂಗಳಿಗೊಂದು ಭಾನುವಾರ ಇಂಥ ಕೂಟ ನಡೆಸುವುದು ಅಸಾಧ್ಯವೇನಲ್ಲ. ಊರಿನ ಗಡಿಯಾರ ರಿಪೇರಿಯವರನ್ನು ಗುರುವಿನ ಸ್ಥಾನದಲ್ಲಿ ಕೂರಿಸಿ, ತಕ್ಕ ಗೌರವಧನ ಕೊಟ್ಟರೆ ಅವರ ವಿದ್ಯೆಗೂ ಒಬ್ಬ ಶಿಷ್ಯ ಸಿಕ್ಕಾನು.

ಸಂಗನಕಲ್ಲಿನಲ್ಲಿ ಸಾವಿರಾರು ವರ್ಷಗಳ ಹಿಂದಿನ ಜನ ಕಲ್ಲನ್ನು ತೀಡಿ ಮಾಡಿದ ಕೊಡಲಿಗಳನ್ನು ಬಳ್ಳಾರಿಯ ವಸ್ತುಸಂಗ್ರಹಾಲಯ ಜೋಪಾನ ಮಾಡಿದೆ. ಅಂಥ ಕೈಗಳ ನೆಲದಲ್ಲಿ ಐವತ್ತು ವರ್ಷದ ಯಂತ್ರವೊಂದು ಹನಿ ಎಣ್ಣೆಗೆ ಗತಿಯಿಲ್ಲದೆ ಗುಜರಿ ಸೇರಬಾರದು. ಮುಂದಿನ ಹಬ್ಬಕ್ಕೆ ಅಟ್ಟದ ಟ್ರಂಕು ಕೆಳಗಿಳಿದಾಗ, ತಕ್ಕಡಿಯವರನ್ನು ಕೂಗುವ ಮೊದಲು ಮನೆಯ ಮಗುವನ್ನು ಒಮ್ಮೆ ಕರೆಯುವಂತಾಗಲಿ.